ಟಿಕೆಟ್ ತಗೊಂಡ ಮೇಲೆ ಶುರುವಾಗುವ ಖರ್ಚು: ಹನ್ನೆರಡು ವರ್ಷದಲ್ಲಿ ನಾಲ್ಕು ಸಲ ಡಿಸ್ನಿ ವರ್ಲ್ಡ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಡಿಸ್ನಿ ಮೇಲೆ ಕೋಪ ಏನೂ ಇಲ್ಲ. ಕೋಪ ಇದ್ದಿದ್ದರೆ ನಾಲ್ಕು ಸಲ ಹೋಗುತ್ತಿರಲಿಲ್ಲ ಅಲ್ವಾ. 2013, 2017, 2022, ಆಮೇಲೆ ಕಳೆದ 2025ರ ಜೂನ್. ನಾವಿರುವುದು ಅಮೆರಿಕದ ಶಾರ್ಲೆಟ್‌ನಲ್ಲಿ. ಅಲ್ಲಿಂದ ಡಿಸ್ನಿ ವರ್ಲ್ಡ್ ಇರುವ ಓರ್ಲಾಂಡೋಗೆ ಕಾರಿನಲ್ಲಿ ಎಂಟು ಒಂಬತ್ತು ಗಂಟೆ, ಮಕ್ಕಳಿದ್ದರೆ ಹನ್ನೊಂದು. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಕನ್ನಡದವರೆಲ್ಲ ಬೇಸಿಗೆ ಹತ್ತಿರ ಬಂದ ಹಾಗೆ ನನಗೆ ಕೇಳುವುದು ಒಂದೇ ಪ್ರಶ್ನೆ: ಅಷ್ಟು ದುಡ್ಡು ಸುರಿದು ಹೋಗಬಹುದಾ? ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಅದನ್ನೇ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ನನ್ನ ರೇಟಿಂಗ್ ಐದಕ್ಕೆ ಮೂರು. 2017ರಲ್ಲಿ ಬರೆದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ರೈಡುಗಳು ಕೆಟ್ಟಿಲ್ಲ, ಹೊಸವು ಹಳೆಯದಕ್ಕಿಂತ ಚೆನ್ನಾಗಿವೆ. ಕಮ್ಮಿ ಆದ ಒಂದೂವರೆ ಅಂಕ ಪೂರ್ತಿ ಮೇಲು ಖರ್ಚಿನದು.

2017ರ ಕಥೆ ಹೇಳುತ್ತೇನೆ, ಆಗ ಯಾಕೆ ಹಾಗನ್ನುತ್ತೇನೆ ಅಂತ ಗೊತ್ತಾಗುತ್ತದೆ. ಆ ವರ್ಷ ಶಿರಸಿಯಿಂದ ಅಪ್ಪ ಅಮ್ಮ ಬಂದಿದ್ದರು. ಮಗಳಿಗೆ ಆರು ವರ್ಷ. ಮಗನಿಗೆ ಎರಡು, ಮೂರು ತುಂಬದವರಿಗೆ ಟಿಕೆಟ್ ಇಲ್ಲವಾದ್ದರಿಂದ ಅವನು ಪುಕ್ಕಟೆ. ಡಿಸ್ನಿಯದೇ ಹೋಟೆಲು, ಅದರಲ್ಲಿ ಅಗ್ಗದ್ದು. ಹೊರಡುವುದಕ್ಕೆ ಕೆಲವು ವಾರ ಮೊದಲು ಮನೆಗೆ ಒಂದು ಡಬ್ಬ ಬಂತು. ಒಳಗೆ ಒಬ್ಬೊಬ್ಬರ ಹೆಸರು ಬರೆದ, ಪಾರ್ಕಿನ ಟಿಕೆಟ್ಟೂ ರೂಮಿನ ಕೀಯೂ ಆಗುವ ಬಣ್ಣದ ಕೈಪಟ್ಟಿ, ಮ್ಯಾಜಿಕ್‌ಬ್ಯಾಂಡ್. ಇನ್ನೊಂದು ಲಕೋಟೆಯಲ್ಲಿ ಸೂಟ್‌ಕೇಸಿಗೆ ಕಟ್ಟುವ ಹಳದಿ ಚೀಟಿಗಳು. ವಿಮಾನ ಇಳಿದ ಮೇಲೆ ಸಾಮಾನಿಗೆ ಕಾಯುವ ಹಾಗೂ ಇಲ್ಲ, ಸೀದಾ ಬಸ್ಸು ಹತ್ತಿದೆವು, ಆ ಬಸ್ಸಿಗೆ ದುಡ್ಡಿಲ್ಲ. ಸಂಜೆ ರೂಮಿಗೆ ಬಂದು ನೋಡಿದರೆ ಅಮ್ಮನ ಚಟ್ನಿಪುಡಿ ಡಬ್ಬ ತುಂಬಿದ ಸೂಟ್‌ಕೇಸು ಮಂಚದ ಪಕ್ಕ ನಿಂತಿತ್ತು. ಅಪ್ಪ ಅದನ್ನು ಇಡೀ ಓಣಿಗೆ ಹೇಳಿದರು. ಕೋಟೆ, ಪಟಾಕಿ, ಜಿರಾಫೆ ಯಾವುದೂ ನೆನಪಿಲ್ಲ, "ಸಾಮಾನು ತಾನೇ ನಡೆದು ಬಂತು" ಅನ್ನುವುದೊಂದೇ.

ಅದರಲ್ಲಿ ಈಗ ಉಳಿದಿದ್ದೇನು? ಬ್ಯಾಂಡ್ ಪುಕ್ಕಟೆ ಕೊಡುವುದು 2021ರಲ್ಲಿ ನಿಂತಿತು. ಬೇಕಾದರೆ ಕೊಂಡುಕೊಳ್ಳಿ. ಏರ್‌ಪೋರ್ಟ್ ಬಸ್ಸು 2022ರ ಜನವರಿಯಲ್ಲಿ ನಿಂತಿತು, ಈಗ ದುಡ್ಡು ಕೊಟ್ಟು ಖಾಸಗಿ ಬಸ್ಸು ಹತ್ತಬೇಕು, ಇಲ್ಲ ಊಬರ್. ಇನ್ನು ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಫಾಸ್ಟ್‌ಪಾಸ್.

2013ರಲ್ಲಿ ಅದು ಕಾಗದದ ಚೀಟಿ. ರೈಡಿನ ಹತ್ತಿರ ಒಂದು ಮಷೀನು, ಟಿಕೆಟ್ ತೂರಿಸಿದರೆ "ಇಷ್ಟು ಗಂಟೆಗೆ ಬಾ" ಅಂತ ಚೀಟಿ ಬರುತ್ತಿತ್ತು. ಆ ಹೊತ್ತಿಗೆ ಬಂದರೆ ಸಣ್ಣ ಕ್ಯೂ. 2017ರಲ್ಲಿ ಅದು ಫೋನಿಗೆ ಬಂದಿತ್ತು, ದಿನಕ್ಕೆ ಮೂರು ರೈಡು ಮೊದಲೇ ಹಿಡಿದಿಟ್ಟುಕೊಳ್ಳಬಹುದಿತ್ತು. ಎರಡೂ ಟಿಕೆಟ್ಟಿನೊಳಗೇ ಸೇರಿದ್ದು. ಕೋವಿಡ್ ಹೊತ್ತಲ್ಲಿ ನಿಲ್ಲಿಸಿದರು, 2021ರ ಅಕ್ಟೋಬರಿನಲ್ಲಿ ಜೀನಿ ಪ್ಲಸ್ ಅಂತ ಹೆಸರು ಬದಲಿಸಿ ವಾಪಸ್ ತಂದರು. ದಿನಕ್ಕೆ ತಲೆಗೆ 15 ಡಾಲರ್. 2024ರಲ್ಲಿ ಮತ್ತೆ ಹೆಸರು ಬದಲಾಯಿತು, ಲೈಟ್ನಿಂಗ್ ಲೇನ್ ಮಲ್ಟಿ ಪಾಸ್. ಈಗ ರೇಟು ದಿನಕ್ಕೊಂದು, ಡಿಸ್ನಿ ವರ್ಲ್ಡಿನ ನಾಲ್ಕು ಪಾರ್ಕಿನಲ್ಲಿ ಪಾರ್ಕಿಗೊಂದು. ರಜೆ ದಿನ ಮ್ಯಾಜಿಕ್ ಕಿಂಗ್‌ಡಮ್ ಅನ್ನುವ ಪಾರ್ಕಿನಲ್ಲಿ 30 ದಾಟುತ್ತದೆ. ಅಷ್ಟು ಕೊಟ್ಟರೂ ಅತೀ ಬೇಡಿಕೆಯ ಒಂದೆರಡು ರೈಡು ಅದರಲ್ಲಿ ಬರುವುದಿಲ್ಲ. ಅವಕ್ಕೆ ಸಿಂಗಲ್ ಪಾಸ್ ಅಂತ ಬೇರೆ ದುಡ್ಡು. ಇದೆಲ್ಲ ತಲೆನೋವೇ ಬೇಡ, ಎಲ್ಲ ಕ್ಯೂ ದಾಟಿಸಿಬಿಡಿ ಅನ್ನುವ ಸಾಹುಕಾರರಿಗೆ 2024ರ ಕೊನೆಯಲ್ಲಿ ಪ್ರೀಮಿಯರ್ ಪಾಸ್ ಬಂತು. ಶುರುವಾದಾಗಲೇ ಅದು ತಲೆಗೆ 129ರಿಂದ 449 ಡಾಲರ್, ಒಂದು ದಿನಕ್ಕೆ, ಒಂದು ಪಾರ್ಕಿಗೆ. ಒಳಗೆ ಹೋಗುವ ಟಿಕೆಟ್ ಇದರಲ್ಲಿ ಸೇರಿಲ್ಲ ಮತ್ತೆ.

ಹೋದ ವರ್ಷ ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಅವರಿಗೆ ಒಂದೇ ಮಾತಿಗೆ ಅರ್ಥ ಆಯಿತು. "ತಿರುಪತಿಯ ಮುನ್ನೂರು ರೂಪಾಯಿ ದರ್ಶನ ಇದ್ದಂಗೆ." ಹೌದು ಅಪ್ಪ, ಅದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗಾದ್ರೆ ಬಿಟ್ಟಿ ಕ್ಯೂ ಯಾವುದು ಮಾರಾಯ್ತಿ?"

ನನ್ನ ಗೋಳೇ ಅದು. ತಿರುಪತಿಯಲ್ಲಿ ಸರ್ವದರ್ಶನಕ್ಕೆ ದುಡ್ಡಿಲ್ಲ. ಕಾಯುವ ತಾಳ್ಮೆ ಇದ್ದವನಿಗೂ ದೇವರು ಸಿಗುತ್ತಾನೆ. ಇಲ್ಲಿ ಕಾಯುವ ಕ್ಯೂಗೇ ನೂರೈವತ್ತು ಡಾಲರಿನ ಆಸುಪಾಸು ಕೊಟ್ಟು ಬಂದಿರುತ್ತೇವೆ (2025ರ ಕ್ರಿಸ್‌ಮಸ್ ವಾರಕ್ಕೆ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ 199 ಡಾಲರ್ ಇತ್ತು). ದುಡ್ಡಿನ ಕ್ಯೂ ಉದ್ದ ಆದಷ್ಟೂ ನಮ್ಮ ಕ್ಯೂ ನಿಧಾನ ಆಗುತ್ತದೆ. ಎರಡು ಕ್ಯೂ ಸೇರುವ ಜಾಗದಲ್ಲಿ ಒಮ್ಮೆ ನಿಂತು ನೋಡಿ. ಯಾವ ಕಂಪನಿಯ ಪಾರ್ಕ್ ಅಂತ ಬೇಡ, ವಿಶೇಷ ಕ್ಯೂ ಇರುವಲ್ಲೆಲ್ಲ ಹೀಗೇ. ಕಂಬಿಯ ಹತ್ತಿರ ಒಬ್ಬ ಹುಡುಗ ಅಂಗೈ ಅಡ್ಡ ಹಿಡಿದು ನಿಂತಿರುತ್ತಾನೆ, ಮುಖದಲ್ಲಿ ನಗು ಮಾತ್ರ ಮಾಸುವುದಿಲ್ಲ. ಆ ಕಡೆಯಿಂದ ಒಂದು ಸಂಸಾರ, ಆಮೇಲೆ ಇನ್ನೊಂದು, ಆಮೇಲೆ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಹನ್ನೆರಡು ಜನ. ಆಮೇಲೆ ನಮ್ಮ ಕಡೆಯಿಂದ ನಾಲ್ಕು ಜನ. ಮತ್ತೆ ಅಂಗೈ ಅಡ್ಡ. ನನ್ನ ಮಗ ಎಣಿಸುತ್ತಾ ನಿಂತಿದ್ದ. ಇಪ್ಪತ್ತಾರಕ್ಕೆ ನಾಲ್ಕು ಅಂದ. ರೈಡಿಗಿಂತ ಆ ಲೆಕ್ಕವೇ ಅವನಿಗೆ ಮಜಾ ಕೊಟ್ಟಿತು, ಅದು ಬೇರೆ ಮಾತು.

ರೇಟು ಏರಿತು ಅಂತ ನಾನು ಅಳುತ್ತಿಲ್ಲ. ಹಾಲಿಗೂ ಏರಿದೆ, ಮನೆ ಬಾಡಿಗೆಗೂ ಏರಿದೆ. ಟಿಕೆಟ್ಟಿಗೇ 40 ಡಾಲರ್ ಜಾಸ್ತಿ ಮಾಡಿ, ಬಾಗಿಲಲ್ಲೇ ಹೇಳಿ, ಬೇಕಾದರೆ ಬರುತ್ತೇವೆ, ಬೇಡದಿದ್ದರೆ ಸಮುದ್ರಕ್ಕೆ ಹೋಗುತ್ತೇವೆ. ಟಿಕೆಟ್ಟಿನೊಳಗೆ ಇದ್ದದ್ದನ್ನೇ ಒಂದೊಂದಾಗಿ ಹೊರಗೆ ತೆಗೆದು ಮತ್ತೆ ನಮಗೇ ಮಾರುವುದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಅದರ ಜೊತೆ ಮೈ ಎಚ್ಚರ ಬೇರೆ ಬೇಕು. ಹೊರಗಿನ ಹೋಟೆಲಿನಲ್ಲಿ ಇರುವವರಿಗೆ ಮಲ್ಟಿ ಪಾಸ್ ಬುಕಿಂಗ್ ತೆರೆಯುವುದು ಮೂರು ದಿನ ಮೊದಲು, ಬೆಳಗ್ಗೆ ಏಳಕ್ಕೆ. ಡಿಸ್ನಿ ಹೋಟೆಲಿನವರಿಗೆ ಏಳು ದಿನ ಮೊದಲೇ, ಹಾಗಾಗಿ ಒಳ್ಳೆ ಹೊತ್ತೆಲ್ಲ ಅವರ ಪಾಲು. ಒಂದು ಕೈಲಿ ಉಪ್ಪಿಟ್ಟು ತಿರುವುತ್ತಾ ಇನ್ನೊಂದು ಕೈಲಿ ಫೋನು ಒತ್ತುತ್ತಾ ನಿಂತಿದ್ದೆ. ಉಪ್ಪಿಟ್ಟು ತಳ ಹಿಡಿಯಿತು. ಸಿಕ್ಕಿದ್ದು ಸಂಜೆ ಏಳೂಕಾಲಿನ ರೈಡು. ನಮ್ಮ ಮನೆಯವರು ಹಿಂದೆ ಬಂದು ನಿಂತು, "ಇದು ಐಆರ್‌ಸಿಟಿಸಿ ತತ್ಕಾಲ್ ಅಲ್ವಾ?" ಅಂದರು.

ಅಂದಹಾಗೆ ಒಂದು ವಿಷಯ ಗೊತ್ತಾದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ಕ್ಕೆ ಶುರುವಾದಾಗ ಒಳಗೆ ಹೋಗಲು ದೊಡ್ಡವರಿಗೆ ಮೂರೂವರೆ ಡಾಲರ್. ರೈಡುಗಳಿಗೆ ಬೇರೆ ಕೂಪನ್ ಪುಸ್ತಕ, ಎ ಇಂದ ಇ ತನಕ. ಎ ಅಂದರೆ ಸಣ್ಣಪುಟ್ಟದ್ದು, ಇ ಅಂದರೆ ಜೋರಾದ ರೈಡು. ಆ ಪುಸ್ತಕ 1982ರ ತನಕ ಇತ್ತು. ಅಂದರೆ ಒಂದೇ ಟಿಕೆಟ್ಟಿಗೆ ಎಲ್ಲ ಅನ್ನುವುದು ಅನಾದಿ ಕಾಲದ ಪದ್ಧತಿ ಏನಲ್ಲ. ನಮ್ಮ ಶಿರಸಿ ಜಾತ್ರೆಯೂ ಹಾಗೇ. ಜೈಂಟ್ ವೀಲಿಗೆ ಬೇರೆ, ಕೊಲಂಬಸ್‌ಗೆ ಬೇರೆ. ಆದರೆ ಜಾತ್ರೆಯಲ್ಲಿ ರೇಟು ಬೋರ್ಡಿನ ಮೇಲೆ ಬರೆದಿರುತ್ತದೆ, ಪೇಟೆ ಸುತ್ತಲು ದುಡ್ಡು ಕೇಳುವುದಿಲ್ಲ, ಕೊಟ್ಟ ಮೇಲೆ ತೊಟ್ಟಿಲು ಹತ್ತಿಸಿಯೇ ಹತ್ತಿಸುತ್ತಾರೆ.

ಹೊರಗಿನ ಹೋಟೆಲ್ ತೆಗೆದುಕೊಂಡರೆ ಉಳಿತಾಯ ಅಂತ ಎಲ್ಲರೂ ಹೇಳುತ್ತಾರೆ. 2022ರಲ್ಲಿ ನಾವೂ ಹಾಗೇ ಮಾಡಿದೆವು. ಹೆಸರು ಬೇಡ, ಪಾರ್ಕಿಗೆ ಹದಿನೈದು ನಿಮಿಷ ದೂರದ ಒಂದು ಹೋಟೆಲು. ಬುಕ್ ಮಾಡುವಾಗ ದೊಡ್ಡ ಅಕ್ಷರದಲ್ಲಿ ಕಂಡದ್ದು ರಾತ್ರಿಗೆ 112. ಹೊರಡುವ ದಿನ ಬಿಲ್ಲಿನಲ್ಲಿ ರೆಸಾರ್ಟ್ ಫೀ ಅಂತ ರಾತ್ರಿಗೆ 34, ಪಾರ್ಕಿಂಗ್ 18, ಇವೆರಡರ ಮೇಲೂ ತೆರಿಗೆ. ರೆಸಾರ್ಟ್ ಫೀಗೆ ಏನೇನು ಬರುತ್ತದೆ ಅಂತ ಕೇಳಿದೆ. ಈಜುಕೊಳದ ಟವೆಲ್, ವೈಫೈ, ಜಿಮ್ಮು, ಮತ್ತೆ ರೂಮಿನ ಫೋನಿನಿಂದ ಲೋಕಲ್ ಕಾಲ್ ಪುಕ್ಕಟೆ ಅಂದರು. 2022ರಲ್ಲಿ ಓರ್ಲಾಂಡೋದಲ್ಲಿ ನಾನು ಯಾರಿಗೆ ಲೋಕಲ್ ಕಾಲ್ ಮಾಡಲಿ ಹೇಳಿ. ಕೊಳಕ್ಕೆ ಇಳಿದಿರಲೇ ಇಲ್ಲ. ತೆಗೆಯಿರಿ ಅಂದರೆ ಆಗುವುದಿಲ್ಲ ಅಂದರು. ಬುಕಿಂಗಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಂತೆ. ಇತ್ತು, ಆಮೇಲೆ ನೋಡಿದೆ. ಒಂದು ಒಳ್ಳೆ ಸುದ್ದಿ ಅಂದರೆ 2025ರ ಮೇ ತಿಂಗಳಿಂದ ಅಮೆರಿಕದ ಎಫ್‌ಟಿಸಿ (ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡುವ ಸರ್ಕಾರಿ ಸಂಸ್ಥೆ) ನಿಯಮ ಬಂದಿದೆ, ಇಂಥ ಕಡ್ಡಾಯ ಫೀಗಳನ್ನೆಲ್ಲ ಸೇರಿಸಿಯೇ ಹೋಟೆಲಿನವರು ಮೊದಲಿಗೇ ಒಟ್ಟು ರೇಟು ತೋರಿಸಬೇಕು. ಫೀ ತಪ್ಪಲಿಲ್ಲ, ಬುಕ್ ಮಾಡುವಾಗಲೇ ಕಣ್ಣಿಗೆ ಬೀಳುತ್ತದೆ ಅಷ್ಟೇ. ನನಗೆ ಅಷ್ಟೇ ಸಾಕು.

ಡಿಸ್ನಿಯವರ ಪರವಾಗಿಯೂ ಹೇಳಬೇಕಾದ್ದು ಇದೆ. 2018ರಲ್ಲಿ ತಮ್ಮ ಹೋಟೆಲುಗಳಲ್ಲಿ ರಾತ್ರಿ ಪಾರ್ಕಿಂಗಿಗೆ ದುಡ್ಡು ಹಾಕಿದ್ದರು, 2023ರ ಜನವರಿಯಲ್ಲಿ ಅದನ್ನು ತೆಗೆದರು. ಒಮ್ಮೆ ಹಾಕಿದ ಫೀ ತೆಗೆದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಹೋಟೆಲಿನಲ್ಲಿ ಇದ್ದರೆ ಪಾರ್ಕಿನಲ್ಲಿ ಕಾರು ನಿಲ್ಲಿಸುವುದಕ್ಕೂ ದುಡ್ಡಿಲ್ಲ. ಹೊರಗಿನವರಿಗೆ ಅದು 2023ರ ಕೊನೆಯಲ್ಲಿ 25ರಿಂದ 30 ಡಾಲರ್ ಆಯಿತು, ದಿನಕ್ಕೆ. ಡಿಸ್ನಿ ಹೋಟೆಲಿನಲ್ಲಿ ಇರುವವರನ್ನು ದಿನಾ ಬೆಳಗ್ಗೆ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ. 2025ರಿಂದ ಹೋಟೆಲಿಗೆ ಬಂದಿಳಿದ ದಿನ ವಾಟರ್ ಪಾರ್ಕ್ ಕೂಡ ಸೇರಿಸಿ ಕೊಡುತ್ತಿದ್ದಾರೆ. ಹಾಗಾಗಿ ಹೊರಗಿನ ಹೋಟೆಲ್ ನಿಜಕ್ಕೂ ಅಗ್ಗವಾ ಅಂತ ಪೆನ್ನು ಹಿಡಿದು ಕೂತು ಕೂಡಿಸಿ ನೋಡಿ. ನಮಗೆ 2022ರಲ್ಲಿ ದಿನಕ್ಕೆ ಉಳಿದದ್ದು ಹನ್ನೊಂದು ಡಾಲರ್. ಅದಕ್ಕೋಸ್ಕರ ದಿನಾ ಟ್ರಾಫಿಕ್ಕಿನಲ್ಲಿ ಕೂತೆವು.

2025ರಲ್ಲಿ ಹಟ ಹಿಡಿದು ಬೇರೆ ಥರ ಮಾಡಿದೆವು. ಅಡುಗೆಮನೆ ಇರುವ ಬಾಡಿಗೆ ಮನೆ ತಗೊಂಡೆವು. ಮೂರು ದಿನದಲ್ಲಿ ಒಂದೇ ದಿನ, ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ, ಮಲ್ಟಿ ಪಾಸ್. ತಲೆಗೆ 29ರ ಹಾಗೆ ನಾಲ್ವರಿಗೆ 116, ಮೇಲೆ ತೆರಿಗೆ. ಮಗನಿಗೆ ಹತ್ತು ತುಂಬಿದ್ದರಿಂದ ಅವನದೂ ಈಗ ದೊಡ್ಡವರ ಟಿಕೆಟ್. ಆವತ್ತು ಹತ್ತು ರೈಡು ಆಯಿತು. ಪಾಸ್ ಇಲ್ಲದ ದಿನ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತು, ಮಧ್ಯಾಹ್ನ ಮನೆಗೆ ಬಂದು ಮಲಗಿ, ಸಂಜೆ ಮತ್ತೆ ಹೋಗಿ ಏಳು ರೈಡು ಮುಗಿಸಿದೆವು. ಮಗಳಿಗೆ ಪಾಸ್ ಇಲ್ಲದ ದಿನವೇ ಹೆಚ್ಚು ಇಷ್ಟ ಆಯಿತು, ಯಾಕೆಂದರೆ ಆವತ್ತು ಅಮ್ಮ ಐದು ನಿಮಿಷಕ್ಕೊಮ್ಮೆ ಫೋನು ನೋಡಲಿಲ್ಲವಂತೆ. ಈ ಮಾತು ನನಗೆ ಸ್ವಲ್ಪ ನಾಟಿತು.

ಊಟದ ವಿಷಯದಲ್ಲಿ ನಮ್ಮವರಿಗೆ ಗೊತ್ತಿರಬೇಕಾದ್ದು: ಡಿಸ್ನಿ ಪಾರ್ಕಿನೊಳಗೆ ಮನೆಯ ಊಟ ಒಯ್ಯಬಹುದು. ಗಾಜಿನ ಡಬ್ಬ ಮಾತ್ರ ಬೇಡ. ಪುಳಿಯೋಗರೆ, ಚಪಾತಿ ಪಲ್ಯ, ಎರಡೂ ಚೀಲ ತಪಾಸಣೆಯಲ್ಲಿ ಪಾಸಾದವು. ನೀರಿನ ಬಾಟ್ಲಿ ಕೊಳ್ಳಬೇಡಿ, ಊಟದ ಕೌಂಟರಿನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಲೋಟದಲ್ಲಿ ಕೊಡುತ್ತಾರೆ, ದುಡ್ಡಿಲ್ಲ. ಫೋಟೊದವರ ಕೈಗೆ ನಿಮ್ಮ ಫೋನ್ ಕೊಟ್ಟರೆ ಅದರಲ್ಲೂ ತೆಗೆದುಕೊಡುತ್ತಾರೆ, ಫೋಟೊ ಪ್ಯಾಕೇಜ್ ತಗೊಳ್ಳಲೇಬೇಕು ಅಂತಿಲ್ಲ. ಸಣ್ಣ ಮಗು ಇದ್ದರೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಮಗು ನೋಡಿಕೊಂಡಿದ್ದು ಆಮೇಲೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು. ಇದು ಇನ್ನೂ ಪುಕ್ಕಟೆಯೇ ಇದೆ.

ಒಂದು ಕಡೆ ಮಾತ್ರ ಧಾರಾಳವಾಗಿ ಖರ್ಚು ಮಾಡಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಹೋಟೆಲಿನಲ್ಲಿ ಸನಾ ಅಂತ ಊಟದ ಜಾಗ ಇದೆ. ಅಲ್ಲಿಗೆ ಪಾರ್ಕಿನ ಟಿಕೆಟ್ ಬೇಡ. ಬ್ರೆಡ್ ಸರ್ವಿಸ್ ಅಂತ ಕೇಳಿ. ಬಿಸಿ ನಾನ್, ಜೊತೆಗೆ ಸಣ್ಣ ಸಣ್ಣ ಬಟ್ಟಲಲ್ಲಿ ಮಾವಿನ ಚಟ್ನಿ, ಸೌತೆಕಾಯಿ ರಾಯಿತ ಇನ್ನೂ ಏನೇನೋ. ಕಿಟಕಿಯಾಚೆ ಜೀಬ್ರಾ, ಜಿರಾಫೆ ಓಡಾಡಿಕೊಂಡಿರುತ್ತವೆ. 2017ರಲ್ಲಿ ಮೂರು ದಿನ ಬರ್ಗರ್ ವಾಸನೆಗೆ ಮುಖ ಗಂಟಿಕ್ಕಿಕೊಂಡಿದ್ದ ಅಮ್ಮ ಅಲ್ಲಿ ಎರಡು ನಾನ್ ತಿಂದು ಜಿರಾಫೆಗೆ ಕೈ ಬೀಸಿದರು. ಆವತ್ತಿನ ಬಿಲ್ಲು ಎಷ್ಟು ಅಂತ ಇವತ್ತಿಗೂ ನೆನಪಿಲ್ಲ.

ಹಾಗಾದರೆ ಯಾರು ಹೋಗಬಹುದು? ಮಕ್ಕಳು ಐದರಿಂದ ಹನ್ನೆರಡರೊಳಗೆ ಇದ್ದರೆ ಒಂದು ಸಲ ಹೋಗಿ, ಖಂಡಿತ. ಊರಿನಿಂದ ಬಂದ ಹಿರಿಯರಿಗೋಸ್ಕರ ಮಾತ್ರ ಆದರೆ ನಾಲ್ಕು ಪಾರ್ಕ್ ಬೇಡ, ಎಪ್ಕಾಟ್ ಒಂದೇ ಸಾಕು. ಕೂರಲು ಜಾಗ ಇದೆ, ಕೆರೆ ಸುತ್ತ ನಡೆಯಬಹುದು. ದುಡ್ಡು ಬಿಗಿ ಇದ್ದರೆ ಟಿಕೆಟ್ಟಿನ ರೇಟು ನೋಡಿ ಬಜೆಟ್ ಹಾಕಬೇಡಿ. ನಮ್ಮ ನಾಲ್ಕೂ ಪ್ರವಾಸದ ಲೆಕ್ಕ ಬರೆದಿಟ್ಟಿದ್ದೇನೆ, ಮೊದಲೆರಡರಲ್ಲಿ ಪಾರ್ಕಿನ ಖರ್ಚು ಹೆಚ್ಚುಕಮ್ಮಿ ಟಿಕೆಟ್ಟಿನಷ್ಟೇ ಆಗಿತ್ತು, ಕೊನೆಯೆರಡರಲ್ಲಿ ಟಿಕೆಟ್ಟಿನ ಮೇಲೆ ಮೂರನೇ ಒಂದು ಭಾಗ ಸೇರಿತು. ನಿಮ್ಮದು ಹೀಗೇ ಆಗಬೇಕು ಅಂತಿಲ್ಲ. ನಾವು ಬೊಂಬೆ, ಕಿವಿ ಟೋಪಿ ಕೊಳ್ಳುವುದಕ್ಕೆ ಒಪ್ಪದ ಜಿಪುಣರು.

ಇನ್ನೊಂದು ಮರೆತಿದ್ದೆ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮಳೆ ಹೊಯ್ಯುತ್ತದೆ, ನಮ್ಮ ಮಲೆನಾಡಿನ ಹಾಗೆ ಒಂದೇ ಸಮ ಅಲ್ಲ, ಒಂದು ಗಂಟೆ ಸುರಿದು ನಿಲ್ಲುತ್ತದೆ. ಆಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಪೋಂಚೊಗೆ ಜನ ಮುಗಿಬೀಳುತ್ತಾರೆ. ಮನೆಯ ಹತ್ತಿರದ ಡಾಲರ್ ಅಂಗಡಿಯಿಂದ ನಾಲ್ಕು ತಗೊಂಡು ಚೀಲದ ತಳಕ್ಕೆ ಹಾಕಿಕೊಂಡು ಹೋಗಿ. ಮಳೆ ಬಂದಾಗ ಅರ್ಧ ಜನ ಜಾಗ ಖಾಲಿ ಮಾಡುತ್ತಾರೆ, ಬಿಟ್ಟಿ ಕ್ಯೂ ಓಡುವುದು ಆವಾಗಲೇ.