ಗಿಟ್ ಶಾರ್ಟ್‌ಕಟ್ ಎಲ್ಲಿ ಬರೆದಿಡಬೇಕು? ಮೂರು ದಾರಿ ಬಳಸಿ ನೋಡಿದ ಮೇಲೆ

ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವವರು ದಿನವಿಡೀ ಟೈಪ್ ಮಾಡುವುದು ಅವೇ ನಾಲ್ಕೈದು ಕಮಾಂಡ್. ಅವನ್ನು ಚಿಕ್ಕದು ಮಾಡಿಕೊಳ್ಳಲೇಬೇಕು. ಆದರೆ ಎಲ್ಲಿ ಅನ್ನೋದರ ಮೇಲೆ ತುಂಬಾ ವ್ಯತ್ಯಾಸ ಬೀಳುತ್ತದೆ.

ಮೊದಲನೆಯದು ಶೆಲ್ ಏಲಿಯಾಸ್, ಅಂದರೆ ನಾವು ಟೈಪ್ ಮಾಡಿದ್ದನ್ನು ಓಡಿಸುವ ಶೆಲ್‌ನಲ್ಲಿ (ಬ್ಯಾಶ್, ಝಿಶ್, ಫಿಶ್‌ನಂಥವು) ಕಮಾಂಡಿಗೆ ಇಡುವ ಅಡ್ಡಹೆಸರು. ‘ಗಿಟ್ ಸ್ಟೇಟಸ್’ ಬದಲು ‘ಜಿಎಸ್’, ಎರಡೇ ಅಕ್ಷರ. ಇದಕ್ಕಿಂತ ಬೇಗ ಯಾವುದೂ ಇಲ್ಲ. ಆದರೆ ‘ಜಿಎಸ್’ ಅನ್ನೋದು ಪಿಡಿಎಫ್ ಫೈಲ್‌ಗಳ ಕೆಲಸಕ್ಕೆ ಬಳಸುವ ಘೋಸ್ಟ್‌ಸ್ಕ್ರಿಪ್ಟ್‌ನ ಕಮಾಂಡ್ ಕೂಡ. ಏಲಿಯಾಸ್ ಅದನ್ನು ಮುಚ್ಚಿಬಿಡುತ್ತದೆ. ಬ್ಯಾಶ್‌ನಲ್ಲಿ ಬೇರೆ ಸೆಟ್ಟಿಂಗ್ ಮಾಡದಿದ್ದರೆ ಟ್ಯಾಬ್ ಒತ್ತಿದಾಗ ಬ್ರಾಂಚ್ (ಕೋಡ್‌ನ ಕವಲು) ಹೆಸರೂ ತಾನಾಗಿ ಬರುವುದಿಲ್ಲ.

ಝಿಶ್ ಶೆಲ್‌ಗೆ ರೆಡಿ ಸೆಟ್ಟಿಂಗ್ ಕೊಡುವ ಓ ಮೈ ಝಿಶ್‌ನ ಗಿಟ್ ಪ್ಲಗಿನ್ ಹಾಕಿಕೊಂಡರೆ ನೂರಕ್ಕೂ ಹೆಚ್ಚು ಏಲಿಯಾಸ್ ರೆಡಿಯಾಗಿ ಸಿಗುತ್ತವೆ. ನನಗೆ ಅದರಲ್ಲಿ ಹಿಡಿಸದ್ದು ಇದು: ‘ಜಿಪಿಎಫ್’ ಅಂದರೆ ಫೋರ್ಸ್ ಪುಶ್ (ಸರ್ವರ್‌ನಲ್ಲಿರುವುದರ ಮೇಲೆ ನಮ್ಮದನ್ನು ಬಲವಂತವಾಗಿ ಹೇರುವುದು), ಆದರೆ ಲೀಸ್ ಅನ್ನೋ ರಕ್ಷಣೆಯ ಜೊತೆ. ನಡುವೆ ಬೇರೆಯವರು ಪುಶ್ ಮಾಡಿದ್ದರೆ ಅದು ನಿಲ್ಲುತ್ತದೆ. ‘ಜಿಪಿಎಫ್’ನ ಕೊನೆಗೆ ಒಂದು ಆಶ್ಚರ್ಯಸೂಚಕ ಹಾಕಿದರೆ ಆ ರಕ್ಷಣೆಯೇ ಹೋಯಿತು. ಜೊತೆಯವರ ಕಮಿಟ್ (ಉಳಿಸಿದ ಬದಲಾವಣೆ) ಸರ್ವರ್‌ನಲ್ಲಿರುವ ರಿಮೋಟ್ ಬ್ರಾಂಚ್‌ನಿಂದ ಮಾಯವಾಗಲು ಒಂದೇ ಕೀ ಸಾಕು ಅನ್ನೋದು ಸರಿಯಲ್ಲ. ಆ ಪ್ಲಗಿನ್ ತೆಗೆದುಬಿಟ್ಟೆ.

ಎರಡನೆಯದು ಗಿಟ್‌ನದೇ ಏಲಿಯಾಸ್, ಗಿಟ್‌ಕಾನ್ಫಿಗ್ ಫೈಲಿನಲ್ಲಿ ಬರೆಯುವಂಥದ್ದು. ‘ಗಿಟ್ ಎಸ್‌ಟಿ’ ಅಂತ ಸ್ವಲ್ಪ ಜಾಸ್ತಿ ಟೈಪ್ ಮಾಡಬೇಕು. ಆದರೆ ಆ ಒಂದು ಫೈಲ್ ಬ್ಯಾಶ್, ಝಿಶ್, ಪವರ್‌ಶೆಲ್ ಎಲ್ಲದಕ್ಕೂ ಆಗುತ್ತದೆ. ಗಿಟ್‌ನ ಮೂಲ ಕಮಾಂಡಿನ ಹೆಸರನ್ನೇ ಏಲಿಯಾಸ್‌ಗೆ ಕೊಟ್ಟರೆ ಗಿಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಗೊಂದಲವಿಲ್ಲ. ಗ್ರಾಫ್, ಒನ್‌ಲೈನ್, ಆಲ್ ಅಂತೆಲ್ಲ ಬಾಲ ಇರುವ ಲಾಗ್ (ಕಮಿಟ್‌ಗಳ ಪಟ್ಟಿ) ಕಮಾಂಡಿಗೆ ‘ಎಲ್‌ಜಿ’ ಅಂತ ಹೆಸರಿಡಲು ಇದೇ ಸರಿಯಾದ ಜಾಗ. ಒಂದು ಎಚ್ಚರ: ಆಶ್ಚರ್ಯಸೂಚಕದಿಂದ ಶುರುವಾಗುವ, ಅಂದರೆ ಶೆಲ್ ಕಮಾಂಡ್ ಓಡಿಸುವ ಏಲಿಯಾಸ್ ನೀವಿರುವ ಫೋಲ್ಡರಿನಲ್ಲಿ ಅಲ್ಲ, ರೆಪೊದ (ಪ್ರಾಜೆಕ್ಟಿನ) ಮೂಲ ಫೋಲ್ಡರಿನಲ್ಲಿ ಓಡುತ್ತದೆ. ಫೈಲ್ ಹೆಸರು ಕೊಡುವಾಗ ಇದು ಕೈಕೊಡುತ್ತದೆ.

ಮೂರನೆಯದು ಫಿಶ್ ಶೆಲ್‌ನ ಅಬ್ರೀವಿಯೇಶನ್, ಅಂದರೆ ಟೈಪ್ ಮಾಡುವಾಗಲೇ ಬಿಚ್ಚಿಕೊಳ್ಳುವ ಸಂಕ್ಷೇಪ. ನನಗೆ ತುಂಬಾ ಇಷ್ಟವಾದದ್ದು ಇದೇ. ‘ಜಿಸಿಒ’ ಬರೆದು ಸ್ಪೇಸ್ ಒತ್ತಿದ ಕೂಡಲೇ ‘ಗಿಟ್ ಚೆಕ್‌ಔಟ್’ ಅಂತ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಎಂಟರ್ ಒತ್ತುವ ಮೊದಲೇ ಏನು ಓಡಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಹಿಸ್ಟರಿಯಲ್ಲೂ ಪೂರ್ತಿ ಕಮಾಂಡೇ ಉಳಿಯುತ್ತದೆ. ಸ್ಕ್ರೀನ್ ಹಂಚಿಕೊಂಡಾಗ ಹೊಸಬರಿಗೂ ಅರ್ಥವಾಗುತ್ತದೆ ಅಲ್ವಾ? ತೊಂದರೆ ಅಂದರೆ ಫಿಶ್‌ನ ಸಿಂಟ್ಯಾಕ್ಸ್ ಬ್ಯಾಶ್‌ನಂತಿಲ್ಲ. ಅದೊಂದಕ್ಕಾಗಿ ಶೆಲ್ ಬದಲಿಸಲು ಮನಸ್ಸಿಲ್ಲದವರು ಝಿಶ್‌ನಲ್ಲೇ ‘ಝಿಶ್-ಅಬ್ರ್’ ಪ್ಲಗಿನ್ ಹಾಕಿಕೊಳ್ಳಬಹುದು.

ಈಗ ಚಿಕ್ಕ ಕಮಾಂಡ್‌ಗಳಿಗೆ ಫಿಶ್, ಲಾಗ್‌ಗೆ ಗಿಟ್ ಏಲಿಯಾಸ್ ಇಟ್ಟುಕೊಂಡಿದ್ದೇನೆ. ಕಮಿಟ್ ಮಾಡದ ಬದಲಾವಣೆಗಳನ್ನು ಅಳಿಸಿಬಿಡುವ ಹಾರ್ಡ್ ರಿಸೆಟ್‌ಗೆ, ಫೋರ್ಸ್ ಪುಶ್‌ಗೆ ಮಾತ್ರ ಯಾವ ಶಾರ್ಟ್‌ಕಟ್ಟೂ ಇಲ್ಲ. ಅವನ್ನು ಪೂರ್ತಿಯಾಗಿ ಟೈಪ್ ಮಾಡುತ್ತೇನೆ.