ಕೊಬ್ಬರಿ ದರದ ಆ್ಯಪ್ ಮೇಲೆ ‘ರೀಯೂಸ್’ ಟೂಲ್: ಲೈಸೆನ್ಸ್ ಸಾಲು ಬರೆಯುವುದಕ್ಕೆ ಸೈ, ಹಕ್ಕು ಯಾರದೆಂದು ಹೇಳುವುದಕ್ಕಲ್ಲ

ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕಳಿಸಿದ ಕೋಡ್ ವಾಪಸ್ ಬರುವುದಕ್ಕೆ ಕೋಡಿನಲ್ಲೇ ತಪ್ಪಿರಬೇಕೆಂದಿಲ್ಲ. ಈ ಫೈಲ್ ಯಾರದು, ಯಾವ ಲೈಸೆನ್ಸಿನದು ಎಂಬ ಎರಡು ಸಾಲು ಇಲ್ಲದಿದ್ದರೂ ಸಾಕು. ಆ ಎರಡು ಸಾಲನ್ನು ಪ್ರತಿ ಫೈಲಿನ ತಲೆಗೆ ಬರೆದು, ಬಿಟ್ಟುಹೋದದ್ದನ್ನು ಹುಡುಕಿಕೊಡುವ ಟೂಲ್ ‘ರೀಯೂಸ್’. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್ 2017ರಲ್ಲಿ ಆರಂಭಿಸಿದ ಯೋಜನೆಯದು. ದುಡ್ಡು ಕೊಡಬೇಕಿಲ್ಲ, ಟೂಲೂ ಮುಕ್ತವೇ. ತುಮಕೂರಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ಮತ್ತು ದಿನಾ ಬೆಂಗಳೂರಿಗೆ ಹೋಗಿಬಂದು ರಾತ್ರಿ ಕೋಡ್ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದ್ದೇವೆ.

ಉದಾಹರಣೆಗೆ, ತಿಪಟೂರು ಎಪಿಎಂಸಿಯ ಕೊಬ್ಬರಿ ದರ ತೋರಿಸುವ ಒಂದು ಸಣ್ಣ ಆ್ಯಪ್ ಇದೆ ಅಂದುಕೊಳ್ಳಿ. ಅದರಲ್ಲಿ ನಾಲ್ಕಾರು ಪೈಥಾನ್ ಫೈಲು, ಒಂದು ಜೇಸನ್ ಫೈಲು, ಲೋಹಿತ್ ಕನ್ನಡ ಫಾಂಟ್, ಬೇರೆಯವರಿಂದ ತಂದ ಒಂದು ಲೈಬ್ರರಿ ಫೋಲ್ಡರ್.

ಪೈಥಾನ್ ಟೂಲುಗಳನ್ನು ಹಾಕುವ ಪಿಪ್‌ನಿಂದ ಇದನ್ನು ನೇರವಾಗಿ ಹಾಕಲು ಹೋದರೆ ಹೊಸ ಉಬುಂಟು, ಡೆಬಿಯನ್‌ಗಳು ಬಿಡುವುದಿಲ್ಲ. ‘ಪಿಪ್‌ಎಕ್ಸ್ ಇನ್‌ಸ್ಟಾಲ್ ರೀಯೂಸ್’ ಎಂದು ಕೊಡಿ. ಸಿಸ್ಟಮ್ಮಿನದೇ ಆದ ಆಪ್ಟ್‌ನಿಂದ ಹಾಕಿಕೊಂಡರೆ ಆವೃತ್ತಿ ನೋಡಿಕೊಳ್ಳಿ: 4.0ಕ್ಕಿಂತ ಹಳೆಯದಕ್ಕೆ ‘ರೀಯೂಸ್.ಟಾಮಲ್’ (ಹಲವು ಫೈಲುಗಳ ಲೈಸೆನ್ಸ್ ವಿವರ ಒಟ್ಟಿಗೆ ಬರೆದಿಡುವ ಫೈಲ್) ಅರ್ಥವಾಗುವುದಿಲ್ಲ, ಪ್ರಾಜೆಕ್ಟ್ ಸರಿಯಿದ್ದರೂ ತಪ್ಪು ತೋರಿಸುತ್ತದೆ.

ಮೊದಲು ‘ರೀಯೂಸ್ ಲಿಂಟ್’ ಓಡಿಸಿ. ಯಾವ ಫೈಲಿಗೆ ಕಾಪಿರೈಟ್ ಸಾಲಿಲ್ಲ, ಯಾವ ಲೈಸೆನ್ಸಿನ ಪೂರ್ತಿ ಪಠ್ಯ ಫೋಲ್ಡರಿನಲ್ಲಿಲ್ಲ, ಯಾವ ಪಠ್ಯ ಸುಮ್ಮನೆ ಬಿದ್ದಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಈ ವರದಿಯ ಸ್ಪಷ್ಟತೆಗೆ ಪೂರ್ಣ ಅಂಕ ಕೊಡಬಹುದು. ಆಮೇಲೆ ‘ರೀಯೂಸ್ ಆನೊಟೇಟ್’ ಕಮಾಂಡಿಗೆ ಹೆಸರು ಮತ್ತು ಲೈಸೆನ್ಸ್ ಕೊಟ್ಟರೆ ಫೈಲಿನ ಭಾಷೆಗೆ ತಕ್ಕ ಕಾಮೆಂಟ್ ಶೈಲಿಯಲ್ಲಿ ಸಾಲು ಸೇರಿಸುತ್ತದೆ. ಇಸವಿಯನ್ನು ತಾನೇ ಹಾಕಿಕೊಳ್ಳುತ್ತದೆ, ಮೊದಲ ಸಾಲಿನ ಶೆಬ್ಯಾಂಗ್ (ಫೈಲನ್ನು ಯಾವ ಪ್ರೋಗ್ರಾಂ ಓಡಿಸಬೇಕೆಂದು ಹೇಳುವ ಗುರುತು) ಕೆಡಿಸುವುದಿಲ್ಲ. ಕೊನೆಗೆ ‘ರೀಯೂಸ್ ಡೌನ್‌ಲೋಡ್ --ಆಲ್’ ಕೊಟ್ಟರೆ ಬೇಕಾದ ಲೈಸೆನ್ಸ್ ಪಠ್ಯಗಳೆಲ್ಲ ‘ಲೈಸೆನ್ಸಸ್’ ಫೋಲ್ಡರಿಗೆ ಇಳಿಯುತ್ತವೆ. ಫೋಲ್ಡರಿನ ಹೆಸರು ಬಹುವಚನ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ. ಕೈಯಾರೆ ಮಾಡುವವರು ಏಕವಚನದಲ್ಲಿ ಬರೆದು, ಪಠ್ಯ ಇದ್ದರೂ ಇಲ್ಲ ಅನ್ನುತ್ತದಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಲೈಸೆನ್ಸಿನ ಹೆಸರನ್ನು ಎಸ್‌ಪಿಡಿಎಕ್ಸ್ ಎಂಬ ಪ್ರಮಾಣಿತ ಕಿರುಹೆಸರುಗಳ ಪಟ್ಟಿಯಲ್ಲಿ ಇರುವಂತೆಯೇ ಬರೆಯಬೇಕು. ‘ಅಪಾಚಿ 2.0’ ಎಂದು ಜಾಗ ಬಿಟ್ಟರೆ ತಪ್ಪು, ‘ಅಪಾಚಿ-2.0’ ಸರಿ. ಬರೀ ‘ಜಿಪಿಎಲ್-3.0’ ಈಗ ಹಳತಾಯಿತು. ಆ ಆವೃತ್ತಿ ಮಾತ್ರವೋ (‘-ಓನ್ಲಿ’), ಮುಂದಿನವೂ ಆಗಬಹುದೋ (‘-ಆರ್-ಲೇಟರ್’) ಎಂದು ಹೇಳಲೇಬೇಕು. ಕೊಡುಗೆ ಕೊಡುವವರು ಇದನ್ನು ತಮ್ಮಿಷ್ಟಕ್ಕೆ ಆರಿಸುವ ಹಾಗಿಲ್ಲ, ಪ್ರಾಜೆಕ್ಟ್ ಹೇಳಿದ್ದೇ ಆಗಬೇಕು.

ಜೇಸನ್‌ನಲ್ಲಿ ಕಾಮೆಂಟಿಗೆ ಜಾಗವಿಲ್ಲ, ಫಾಂಟಿನೊಳಗೆ ಬರೆಯುವ ಹಾಗಿಲ್ಲ. ಇಂಥವಕ್ಕೆ ಟೂಲ್ ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ ‘.ಲೈಸೆನ್ಸ್’ ಸೇರಿಸಿ ಪುಟ್ಟ ಫೈಲ್ ಮಾಡುತ್ತದೆ. ಫೈಲುಗಳು ನೂರಾರಿದ್ದರೆ ‘ರೀಯೂಸ್.ಟಾಮಲ್’ನಲ್ಲಿ ಒಂದೇ ಕಡೆ ಬರೆಯುವುದು ವಾಸಿ. ಲೋಹಿತ್ ಮೊದಲು ಜಿಪಿಎಲ್‌ನಲ್ಲಿತ್ತು, ನಂತರ ಓಪನ್ ಫಾಂಟ್ ಲೈಸೆನ್ಸ್ 1.1ಕ್ಕೆ ಬಂತು. ಹಳೆಯ ಪ್ರತಿ ಇಟ್ಟುಕೊಂಡಿದ್ದರೆ ಅದರ ಜೊತೆಗೆ ಬಂದ ಲೈಸೆನ್ಸನ್ನೇ ಬರೆಯಿರಿ, ಈಗಿನದನ್ನಲ್ಲ.

ದೊಡ್ಡ ಅಪಾಯ ‘--ರಿಕರ್ಸಿವ್’ ಆಯ್ಕೆಯಲ್ಲಿದೆ. ಇಡೀ ಪ್ರಾಜೆಕ್ಟಿನ ಮೇಲೆ ಅದನ್ನು ಓಡಿಸಿದರೆ ಬೇರೆಯವರ ಲೈಬ್ರರಿ ಫೋಲ್ಡರಿಗೂ ನುಗ್ಗಿ, ಅವರ ಫೈಲುಗಳ ತಲೆಗೆ ನಿಮ್ಮ ಹೆಸರು ಹಾಕಿಬಿಡುತ್ತದೆ. ಇದು ಬರೀ ಗಲೀಜಲ್ಲ, ಮಾಡದ ಕೆಲಸಕ್ಕೆ ಹಕ್ಕು ಸಾರಿದಂತೆ. ನಿಮ್ಮ ಫೋಲ್ಡರನ್ನಷ್ಟೇ ಕೊಡಿ, ಕಮಿಟ್ ಮಾಡುವ ಮೊದಲು ಏನೇನು ಬದಲಾಗಿದೆ ಎಂದು ತೋರಿಸುವ ‘ಗಿಟ್ ಡಿಫ್’ ಓದಿ. ಮೊದಲೇ ಇರುವ ಕಾಪಿರೈಟ್ ಸಾಲನ್ನು ಯಾವ ಕಾರಣಕ್ಕೂ ಅಳಿಸಬೇಡಿ, ನಿಮ್ಮದನ್ನು ಕೆಳಗೆ ಸೇರಿಸಿ.

ಇನ್ನು ಟೂಲಿನ ಮಿತಿ. ಲಿಂಟ್ ಅಭಿನಂದನೆ ಹೇಳಿತು ಎಂದರೆ ಸಾಲುಗಳಿವೆ ಎಂದಷ್ಟೇ ಅರ್ಥ. ಆ ಸಾಲುಗಳು ನಿಜವೋ, ಒಂದಕ್ಕೊಂದು ಹೊಂದುತ್ತವೋ ಎಂದು ಅದು ನೋಡುವುದೇ ಇಲ್ಲ. ‘ಜಿಪಿಎಲ್-2.0-ಓನ್ಲಿ’ ಕೋಡಿಗೆ ಅಪಾಚಿ-2.0 ಲೈಬ್ರರಿ ಸೇರಿಸಿ ಹಂಚುವಂತಿಲ್ಲ. ಜಿಪಿಎಲ್ 3 ಆದರೆ ಆಗುತ್ತದೆ. ಎರಡಕ್ಕೂ ಲಿಂಟ್ ಒಂದೇ ಅಭಿನಂದನೆ ಹೇಳುತ್ತದೆ. ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿದ ಹತ್ತು ಸಾಲೂ ಅದಕ್ಕೆ ಕಾಣುವುದಿಲ್ಲ. ಅಲ್ಲಿನ 2018ರ ಮೇ 2ರಿಂದೀಚಿನ ಉತ್ತರಗಳು ಸಿಸಿ ಬಿವೈ-ಎಸ್‌ಎ 4.0 (ಮೂಲದವರ ಹೆಸರು ಹೇಳಿ, ಅದೇ ಷರತ್ತಿನಲ್ಲೇ ಹಂಚಬೇಕೆನ್ನುವ ಲೈಸೆನ್ಸ್) ಅಡಿ ಇವೆ. ಅವನ್ನು ಜಿಪಿಎಲ್ 3ಕ್ಕೆ ತರಬಹುದು, ಎಂಐಟಿ ಲೈಸೆನ್ಸಿನ ಫೈಲಿನೊಳಗೆ ಅಂಟಿಸಿ ಸುಮ್ಮನಿರುವ ಹಾಗಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಟೂಲ್ ಕೇಳುವುದೇ ಇಲ್ಲ: ಆ ಸಾಲಿನಲ್ಲಿ ನಿಮ್ಮ ಹೆಸರು ಬರೆಯಬಹುದೇ? 1957ರ ಕಾಪಿರೈಟ್ ಕಾಯ್ದೆಯ ಕಲಂ 17ರ ಪ್ರಕಾರ, ಉದ್ಯೋಗದ ಭಾಗವಾಗಿ ಬರೆದ ಕೋಡಿಗೆ ಬೇರೆ ಒಪ್ಪಂದವಿಲ್ಲದಿದ್ದರೆ ಕಂಪನಿಯೇ ಮೊದಲ ಒಡೆಯ. ಮನೆಯಲ್ಲಿ ಬರೆದದ್ದೂ ತನ್ನದೇ ಎಂದು ಹೇಳುವ ನೇಮಕ ಪತ್ರಗಳೂ ಇರುತ್ತವೆ, ತೆಗೆದು ಓದಿ. ವಿದ್ಯಾರ್ಥಿ ನೌಕರನಲ್ಲ, ಸಹಿ ಹಾಕಿ ಬರೆದುಕೊಟ್ಟಿರದಿದ್ದರೆ ಪ್ರಾಜೆಕ್ಟಿನ ಕೋಡ್ ಅವನದೇ, ಅವಳದೇ. ಗುಂಪಿನಲ್ಲಿ ಮಾಡಿದ್ದರೆ ಬರೆದವರೆಲ್ಲರ ಹೆಸರೂ ಬೇಕು, ಎಲ್ಲರ ಒಪ್ಪಿಗೆಯೂ ಬೇಕು.

‘ಈ ಹಕ್ಕು ನನಗಿದೆ’ ಎಂಬ ಮಾತನ್ನು ಅನೇಕ ಪ್ರಾಜೆಕ್ಟುಗಳು ಡಿಸಿಒ (‘ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್’ ಎಂಬ ಪ್ರಮಾಣ) ಮೂಲಕ ಕೇಳುತ್ತವೆ. ಅದು ರೀಯೂಸ್‌ನ ಕೆಲಸವಲ್ಲ, ಗಿಟ್‌ನದು: ‘ಗಿಟ್ ಕಮಿಟ್ -ಎಸ್’. ಕೊನೆಯ ಕಮಿಟ್‌ನಲ್ಲಿ ಮರೆತಿದ್ದರೆ ‘--ಅಮೆಂಡ್ -ಎಸ್’, ಮೂರು ಕಮಿಟ್ ಹಿಂದಿನಿಂದ ಮರೆತಿದ್ದರೆ ‘ಗಿಟ್ ರಿಬೇಸ್ --ಸೈನ್‌ಆಫ್ ಹೆಡ್~3’, ಆಮೇಲೆ ‘--ಫೋರ್ಸ್-ವಿತ್-ಲೀಸ್’ ಹಾಕಿ ಪುಶ್ ಮಾಡಿ.

ಕಂಪನಿ ಹಕ್ಕನ್ನು ನಿಮಗೆ ಬಿಟ್ಟುಕೊಡಲು ಒಪ್ಪಿದರೆ ಬಾಯಿಮಾತು ಸಾಲದು. ಕಲಂ 19ರಂತೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ 5 ವರ್ಷ, ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಕಾಯ್ದೆ ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಪತ್ರದಲ್ಲಿ ‘ಕಾಪಿರೈಟಿನ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂಬ ಮಾತನ್ನು ಬರೆಸಿಕೊಂಡೇ ಮೊದಲ ಪುಶ್ ಮಾಡಿ.