ಮೌಸ್ ಇಲ್ಲದ ಡಯಾಬ್ಲೊ 2: ಸ್ವಿಚ್‌ನಲ್ಲಿ ಏನು ಸಲೀಸು, ಏನು ಕಿರಿಕಿರಿ

2000ರಲ್ಲಿ ಪಿಸಿಗೆ ಬಂದ, ರಾಕ್ಷಸರನ್ನು ಕೊಲ್ಲುತ್ತ ಸಾಗುವ ಆಟ ಡಯಾಬ್ಲೊ 2ರಲ್ಲಿ ನಡೆಯಲು ಕ್ಲಿಕ್, ಹೊಡೆಯಲು ಕ್ಲಿಕ್, ಬಿದ್ದ ಉಂಗುರ ಎತ್ತಲೂ ಕ್ಲಿಕ್. 2021ರ ಸೆಪ್ಟೆಂಬರ್‌ನಲ್ಲಿ ಬಂದ ‘ರಿಸರೆಕ್ಟೆಡ್’ ಆವೃತ್ತಿ ಅದೇ ಆಟವನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂಟೆಂಡೊ ಸ್ವಿಚ್‌ಗೂ ತಂದಿತು. ಚಿತ್ರಗಳು ಹೊಸವು, ಒಳಗಿನ ಲೆಕ್ಕ ಮಾತ್ರ ಸೆಕೆಂಡಿಗೆ 25 ಫ್ರೇಮಿನ ಹಳೆಯದೇ. ಹಾಗಾಗಿ ಮಂತ್ರ ಹಾಕುವ ವೇಗ ಒಂದೊಂದು ಮೆಟ್ಟಿಲು ಏರುವ, ಮಾಂತ್ರಿಕೆ ಸಾರ್ಸರೆಸ್‌ಗೆ 63, 105, ಯೋಧ ಪ್ಯಾಲಡಿನ್‌ಗೆ 75, 125 ಎಂಬ ಬಾಯಿಪಾಠದ ಶೇಕಡಾವಾರುಗಳು ಇಲ್ಲಿಯೂ ನಡೆಯುತ್ತವೆ. ಆದರೆ ಪಿಸಿಯಲ್ಲಿ ಪಳಗಿದ ಪಾತ್ರವನ್ನೇ ಇಲ್ಲಿಯೂ ಆರಿಸಿದರೆ ಮೊದಲ ವಾರ ಬೇಸರವಾಗುವ ಸಾಧ್ಯತೆ ಹೆಚ್ಚು.

ಕಾರಣ ಗುರಿ. ಎಡ ಹೆಬ್ಬೆರಳಿನಿಂದ ಓಲಿಸುವ ಪುಟ್ಟ ಕಡ್ಡಿ, ಅಂದರೆ ಎಡ ಸ್ಟಿಕ್, ಪಾತ್ರವನ್ನೇ ನಡೆಸುತ್ತದೆ. ಮುಖ ಎತ್ತ ತಿರುಗಿದೆಯೋ ಅತ್ತಲಿನ ಹತ್ತಿರದ ಶತ್ರುವನ್ನು ಆಟವೇ ಹಿಡಿದುಕೊಳ್ಳುತ್ತದೆ. ಸಾರ್ಸರೆಸ್‌ನ ಹಿಮ ಸುರಿಸುವ ಮಂತ್ರ ಬ್ಲಿಝರ್ಡ್ ಅನ್ನು ಪರದೆಯ ಅಂಚಿನಲ್ಲಿ ಮುಂಚಿತವಾಗಿ ಸುರಿಸುವ ಹಳೆಯ ಚಾಳಿ ಇಲ್ಲಿ ಕೈಕೊಡುತ್ತದೆ. ಟೆಲಿಪೋರ್ಟ್ ಕೂಡ ಅಷ್ಟೇ: ಸ್ಟಿಕ್ ತಿರುಗಿದ ದಿಕ್ಕಿಗೆ ಅಳತೆಯ ಜಿಗಿತ, ಬೇಕಾದ ಕಲ್ಲಿನ ಪಕ್ಕವೇ ಇಳಿಯುವ ನಯ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ಬ್ಲೆಸ್ಡ್ ಹ್ಯಾಮರ್ ಪ್ಯಾಲಡಿನ್ ಇಲ್ಲಿ ಪಿಸಿಗಿಂತ ಹಗುರ. ಸುತ್ತಿಗೆಗಳು ಸುರುಳಿಯಾಗಿ ಹೊರಡುವುದರಿಂದ ಗುರಿಯೇ ಬೇಡ, ನಿಂತಲ್ಲೇ ಹೊಡೆಯಲು ಶಿಫ್ಟ್ ಕೀ ಒತ್ತಿ ಹಿಡಿಯುವ ತಾಪತ್ರಯವೂ ಇಲ್ಲ. ಸುತ್ತಲಿನವರಿಗೆಲ್ಲ ಒಮ್ಮೆಗೇ ತಾಗುವ ಸಾರ್ಸರೆಸ್‌ನ ಮಂತ್ರ ಸ್ಟ್ಯಾಟಿಕ್ ಫೀಲ್ಡ್‌ಗೂ ಇದೇ ಲಾಭ. ಹೆಣಗಳನ್ನೇ ಆಯುಧ ಮಾಡುವ ಮಾಂತ್ರಿಕ ನೆಕ್ರೊಮ್ಯಾನ್ಸರ್‌ಗೆ ಹೆಣ ಹುಡುಕಿ ಕ್ಲಿಕ್ ಮಾಡುವ ಕಷ್ಟ ತಪ್ಪಿದೆ. ಹೆಣ ಸಿಡಿಸುವ ಮಂತ್ರ ಕಾರ್ಪ್ಸ್ ಎಕ್ಸ್‌ಪ್ಲೋಶನ್ ಹತ್ತಿರದ ಹೆಣವನ್ನು ತಾನೇ ಹಿಡಿಯುತ್ತದೆ. ತಪ್ಪು ಪಾತ್ರ ಕಟ್ಟಿದ್ದೇವೆ ಅನಿಸಿದರೆ, ಮೊದಲ ಕೆಲಸವಾದ ಡೆನ್ ಆಫ್ ಈವಿಲ್ ಗುಹೆ ಮುಗಿಸಿದ ಮೇಲೆ ಊರಿನ ಅಕಾರಾಳ ಬಳಿ ಕೌಶಲಕ್ಕೆ ಹಾಕಿದ ಪಾಯಿಂಟ್‌ಗಳನ್ನೆಲ್ಲ ಹಿಂಪಡೆಯಬಹುದು. ನಾರ್ಮಲ್, ನೈಟ್‌ಮೇರ್, ಹೆಲ್ ಎಂಬ ಮೂರು ಕಷ್ಟದ ಹಂತಗಳಿಗೆ ಒಂದೊಂದು ಅವಕಾಶ.

ಕೌಶಲಗಳನ್ನು ಆರು ಗುಂಡಿಗಳಿಗೆ ಹಂಚಬಹುದು, ಎಡ ಹಿಂಬದಿಯ ಝಡ್‌ಎಲ್ ಗುಂಡಿ ಒತ್ತಿ ಹಿಡಿದರೆ ಇನ್ನೂ ಆರು. ಊರಿಗೆ ಬಾಗಿಲು ತೆರೆಯುವ ಟೌನ್ ಪೋರ್ಟಲ್ ಪುಸ್ತಕವನ್ನು ಈ ಎರಡನೇ ಸಾಲಿಗೆ ಹಾಕಿಡಿ, ಜೀವ ಉಳಿಯುತ್ತದೆ.

ಕಿರಿಕಿರಿ ಎಂದರೆ ಚೀಲ. 10×4 ಮನೆಗಳ ಮೇಲೆ ಕರ್ಸರ್ ಒಂದೊಂದೇ ಮನೆ ಜರುಗುತ್ತದೆ. ಚೀಲದಲ್ಲಿದ್ದೇ ಬಲ ಕೊಡುವ ತಾಯಿತಗಳಾದ ಚಾರ್ಮ್‌ಗಳು ತುಂಬಿಕೊಂಡ ಮೇಲಂತೂ ತಾಳ್ಮೆಯ ಪರೀಕ್ಷೆ. ಹೊರಾಡ್ರಿಕ್ ಕ್ಯೂಬ್ ಎಂಬ ಮಾಯಾ ಪೆಟ್ಟಿಗೆ ನಾಲ್ಕು ಮನೆ ನುಂಗಿ ಹನ್ನೆರಡು ಮನೆ ಕೊಡುತ್ತದೆ, ಹಾಗಾಗಿ ಎರಡನೇ ಅಂಕದಲ್ಲಿ ಸಿಕ್ಕ ಕೂಡಲೇ ಬಳಸಿ. ರಾಶಿಯಾಗಿ ಬಿದ್ದ ಸಾಮಾನಿನಲ್ಲಿ ಬೇಕಾದದ್ದನ್ನು ಎತ್ತಲು ಪಾತ್ರವನ್ನು ಇಂಚಿಂಚು ಸರಿಸಬೇಕು. ಚಿನ್ನ ಮಾತ್ರ ನಡೆದರೆ ಸಾಕು, ತಾನಾಗಿ ಸೇರುತ್ತದೆ. ಕೈಯಲ್ಲಿ ಹಿಡಿದು ಆಡುವಾಗ ಅಕ್ಷರಗಳು ತೀರಾ ಚಿಕ್ಕವು. ಸೆಟ್ಟಿಂಗ್ಸ್‌ನಲ್ಲಿ ದೊಡ್ಡ ಅಕ್ಷರ ಆರಿಸಿದರೂ ಕಣ್ಣು ಕಿರಿದು ಮಾಡುವುದು ತಪ್ಪದು.

ಇಷ್ಟಿದ್ದೂ ಶಿರಸಿ, ಸಿದ್ದಾಪುರದ ಕಡೆಯವರಿಗೆ ಪಿಸಿಗಿಂತ ಇದೇ ಒಳ್ಳೆಯದು ಎನ್ನಲು ಆಷಾಢದ ಮಳೆಯೊಂದೇ ಸಾಕು. ಕರೆಂಟ್ ಹೋದರೆ ಪಿಸಿ ಅಲ್ಲಿಗೇ ನಿಲ್ಲುತ್ತದೆ. ಸ್ವಿಚ್‌ನಲ್ಲಿ ಪವರ್ ಗುಂಡಿ ಒಮ್ಮೆ ಒತ್ತಿದರೆ ಗುಹೆಯ ನಡುವೆಯೇ ಆಟ ನಿದ್ದೆಗೆ ಜಾರಿ, ಮತ್ತೆ ಅಲ್ಲಿಂದಲೇ ಏಳುತ್ತದೆ. ಆದರೆ ಇದು ಆಫ್‌ಲೈನ್ ಪಾತ್ರಕ್ಕೆ ಮಾತ್ರ. ಆನ್‌ಲೈನ್ ಪಾತ್ರವಾದರೆ ನೆಟ್ ಹೋದ ಕ್ಷಣ ಆಟವೂ ಹೋಯಿತು, ಒಂದನ್ನು ಇನ್ನೊಂದಾಗಿ ಬದಲಿಸಲೂ ಬರುವುದಿಲ್ಲ. ಕಾರವಾರದಿಂದ ಬೆಂಗಳೂರಿಗೆ ಪಂಚಗಂಗಾ ರೈಲು ಹತ್ತುವವರೂ ಸುರಂಗ, ಘಟ್ಟಗಳನ್ನು ನೆನೆದು ಆಫ್‌ಲೈನೇ ಆರಿಸಲಿ. ನಿದ್ದೆಯಲ್ಲಿರುವಾಗ ಬ್ಯಾಟರಿ ಪೂರ್ತಿ ಇಳಿದರೆ ಮುಂದಿನ ಸಲ ಊರಿನಿಂದಲೇ ಶುರು, ಕೊಂದ ರಾಕ್ಷಸರೂ ಮರಳಿ ಹಾಜರ್. ದೀರ್ಘ ಬಿಡುವಿಗೆ ಮುಂಚೆ ಊರಿನಿಂದ ನೇರ ಮರಳಿಸುವ ಕಟ್ಟೆ, ವೇಪಾಯಿಂಟ್ ಮುಟ್ಟಿ, ಸೇವ್ ಅಂಡ್ ಎಕ್ಸಿಟ್ ಮಾಡಿ.

2019ರ ನಂತರದ ದೊಡ್ಡ ಮಾದರಿಗೆ ಕಂಪನಿ ಹೇಳುವ ಬ್ಯಾಟರಿ ಅವಧಿ 4.5ರಿಂದ 9 ಗಂಟೆ. ಚಿಕ್ಕ ಮಾದರಿಯಾದ ಸ್ವಿಚ್ ಲೈಟ್‌ಗೆ 3ರಿಂದ 7. ಆಡುತ್ತಲೇ ಚಾರ್ಜ್ ಏರಬೇಕಾದರೆ ಪಿಡಿ (ಹೆಚ್ಚು ವೋಲ್ಟ್‌ನ ವೇಗದ ಚಾರ್ಜಿಂಗ್) ಇರುವ ಪವರ್ ಬ್ಯಾಂಕ್ ಬೇಕು, ಮೊಬೈಲಿನ ಮಾಮೂಲು 5 ವೋಲ್ಟ್‌ನದು ಇಳಿಕೆಯನ್ನು ನಿಧಾನ ಮಾಡೀತು ಅಷ್ಟೆ. ಆಟ ಡೌನ್‌ಲೋಡ್ ಆಗಿಯೇ ಬರುವುದರಿಂದ ನೆಟ್ ಚೆನ್ನಾಗಿರುವ ಪೇಟೆಯಲ್ಲಿ, ಮೈಕ್ರೊ ಎಸ್‌ಡಿ ಕಾರ್ಡ್ ಹಾಕಿ ಇಳಿಸಿಕೊಂಡು ಮನೆಗೆ ಹೋಗಿ.

ಕೊಳ್ಳುವಾಗ ಒಂದು ಎಚ್ಚರಿಕೆ. ಇಲ್ಲಿ ಸಿಗುವ ಸ್ವಿಚ್‌ಗಳು ಹೊರದೇಶದಿಂದ ತರಿಸಿದವು; ವಾರಂಟಿ ಎಂದರೆ ಅಂಗಡಿಯವರ ಮಾತು. ಈ ಆಟದಲ್ಲಿ ಎಡ ಸ್ಟಿಕ್‌ಗೆ ಬಿಡುವೇ ಇಲ್ಲ, ಒಳಗಿನ ಸಂಪರ್ಕ ಪಟ್ಟಿ ಸವೆದರೆ ಪಾತ್ರ ತಾನಾಗಿಯೇ ನಡೆಯತೊಡಗುತ್ತದೆ. ಮೊದಲು ಸಿಸ್ಟಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ವಿಭಾಗದಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ ಸ್ಟಿಕ್ ಬದಲಿಸಬೇಕು. ದೊಡ್ಡ ಮಾದರಿಯ ಪಕ್ಕದ ಹಿಡಿಕೆ, ಜಾಯ್-ಕಾನ್, ಬಿಚ್ಚಿ ಬದಲಿಸುವಂಥದ್ದು, ಲೈಟ್‌ನಲ್ಲಿ ಸ್ಟಿಕ್ ಯಂತ್ರಕ್ಕೇ ಅಂಟಿಕೊಂಡಿರುವುದರಿಂದ ಇಡೀ ಯಂತ್ರ ಬಿಚ್ಚಬೇಕು. ಈ ಒಂದು ಆಟಕ್ಕಾಗಿಯೇ ಕೊಳ್ಳುವವರು ಲೈಟ್ ಬಿಟ್ಟು ದೊಡ್ಡದನ್ನೇ ತೆಗೆದುಕೊಳ್ಳಿ.